ಸೀಸ ಕೆಳಗೆ, ಗಾಳ ಮೇಲೆ: ಭದ್ರಾ ಹಿನ್ನೀರಲ್ಲಿ ಡ್ರಾಪ್ ಶಾಟ್ ಕಲಿತ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ, ಮಾತಿನ ಧಾಟಿ ಹಾಗೇ ಇದೆ.

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡಿಕೆ ಸುಲೀತಾ ಫೋನನ್ನ ಪಕ್ಕದಲ್ಲಿಟ್ಕೊಂಡಿರೋರಿಗೆ, ಬೆಂಗಳೂರಿನ ಪಿಜಿ ರೂಮಲ್ಲಿ ಮಲಗಿ ಊರು ನೆನೆಸ್ಕೊಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಗಾಳ. ಗಾಳದಲ್ಲೂ ಒಂದೇ ಒಂದು ವಿಧಾನ, ಹೆಸರು ಡ್ರಾಪ್ ಶಾಟ್. ಯೂಟ್ಯೂಬಲ್ಲಿ ನೋಡಿರ್ತೀರಿ. ಅಮೆರಿಕದ ಯಾವುದೋ ಕೆರೆ, ಹೊಳೆಯೋ ದೋಣಿ, ಕಪ್ಪು ಕನ್ನಡಕ ಹಾಕಿದ ಮನುಷ್ಯ ತೆಳ್ಳಗಿನ ರಾಡ್ ಹಿಡಿದು ಬಾಸ್ ಮೀನನ್ನ ಮೇಲಿಂದ ಮೇಲೆ ಎತ್ತುತ್ತಾ ಇರ್ತಾನೆ. ನಾನೂ ನೋಡಿದೆ, ಮರುಳಾದೆ. ನಾನು ಓದಿದ್ದು ಬಿ.ಕಾಂ, ಡೆಬಿಟ್ ಕ್ರೆಡಿಟ್ ಬಿಟ್ಟರೆ ಬೇರೆ ಕೈಕೆಲಸ ಗೊತ್ತಿಲ್ಲ. ಆದ್ರೂ ಕಲಿತೆ. ಕಲಿಯೋವಾಗ ಏನೇನು ತಪ್ಪು ಮಾಡಿದೆ, ಕೊನೆಗೆ ಒಂದು ಮೀನಿನ ಜೀವದ ವಿಷಯದಲ್ಲಿ ಎಂಥ ತಪ್ಪು ಮಾಡಿದೆ ಅನ್ನೋದನ್ನೂ ಹೇಳ್ತೀನಿ.

ಮೊದಲು ಒಂದು ಮಾತು: ನಮ್ಮಲ್ಲಿ ಬಾಸ್ ಇಲ್ಲ

ಕೊಪ್ಪ, ಶೃಂಗೇರಿ, ಎನ್.ಆರ್. ಪುರ. ಈ ಮೂರು ತಾಲ್ಲೂಕಿನ ನೀರಿನ ಲೆಕ್ಕ ಸರಳ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿ, ಹರಿಹರಪುರ ದಾಟಿ ತೀರ್ಥಹಳ್ಳಿ ಕಡೆ ಹೋಗ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಬಂದು ಎನ್.ಆರ್. ಪುರದ ಹತ್ತಿರ ಹಿನ್ನೀರಾಗಿ ಹರಡ್ಕೊಳ್ತಾಳೆ, ಯಾಕಂದ್ರೆ ಮುಂದೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಇದೆ. ಆಮೇಲೆ ಇಬ್ಬರೂ ಕೂಡ್ಲಿಯಲ್ಲಿ ಸೇರ್ತಾರೆ.

ಈ ನೀರಲ್ಲಿ ಏನಿದೆ? ಕಾಟ್ಲಾ, ರೋಹು, ಕಾಮನ್ ಕಾರ್ಪ್ ಇವೆ. ತಿಲಾಪಿಯಾ ಇದೆ. ಬಾಳೆ ಮೀನಿದೆ. ಹಾವಿನ ತಲೆಯಂಥ ತಲೆ ಇರೋ ಕೊರವ ಇದೆ. ಇಂಗ್ಲಿಷಲ್ಲಿ ಮಹಸೀರ್ ಅಂತ ಕರೆಯೋ, ನಮ್ಮ ಕಡೆ ಎಷ್ಟೋ ಜನ ದೇವರ ಮೀನು ಅನ್ನೋ ಮೀನಿದೆ. ಬಾಸ್ ಮಾತ್ರ ಇಲ್ಲ. ಅದು ಉತ್ತರ ಅಮೆರಿಕದ ಮೀನು.

ಹಾಗಾದ್ರೆ ಬಾಸ್‌ಗೆ ಅಂತ ಮಾಡಿದ ವಿಧಾನ ನಮಗೆ ಯಾಕೆ? ಉತ್ತರ ಆ ವಿಧಾನದ ಕಟ್ಟುವಿಕೆಯಲ್ಲೇ ಇದೆ.

ಡ್ರಾಪ್ ಶಾಟ್ ಅಂದ್ರೆ ಎಂತದು?

ನಾವು ಚಿಕ್ಕವರಿದ್ದಾಗ ಗಾಳ ಹೇಗೆ ಕಟ್ತಿದ್ವಿ, ನೆನಪು ಮಾಡ್ಕೊಳ್ಳಿ. ಬಿದಿರು ಕೋಲು, ತಂಗೂಸಿ, ಒಂದು ಬೆಂಡು, ಸ್ವಲ್ಪ ಕೆಳಗೆ ಸೀಸ, ಎಲ್ಲಕ್ಕಿಂತ ಕೆಳಗೆ ಗಾಳ, ಅದಕ್ಕೆ ಎರೆಹುಳು. ಗಾಳ ತುದಿಯಲ್ಲಿ, ಭಾರ ಅದರ ಮೇಲೆ.

ಡ್ರಾಪ್ ಶಾಟಲ್ಲಿ ಇದು ತಿರುಗುಮುರುಗು. ಭಾರ ಎಲ್ಲಕ್ಕಿಂತ ಕೆಳಗೆ, ದಾರದ ತುದಿಯಲ್ಲಿ. ಗಾಳ ಅದಕ್ಕಿಂತ ಒಂದು ಗೇಣಿನಿಂದ ಒಂದು ಮೊಳದಷ್ಟು ಮೇಲೆ, ದಾರದ ಮಧ್ಯದಲ್ಲೇ ಅಡ್ಡಕ್ಕೆ ನಿಂತಿರುತ್ತೆ. ಭಾರ ತಳದಲ್ಲಿ ಕೂತಿರುತ್ತೆ, ಎರೆ ನೀರಿನಲ್ಲಿ ತೇಲ್ತಾ ನಿಂತಿರುತ್ತೆ. ವಿಧಾನ ಅಂದ್ರೆ ಇಷ್ಟೇ.

ಇದರಿಂದ ಏನು ಲಾಭ ಅಂದ್ರೆ, ಮೂರಿವೆ.

ಒಂದು, ಎರೆ ಕೆಸರಲ್ಲಿ ಹೂತುಹೋಗಲ್ಲ. ಹಿನ್ನೀರಿನ ತಳ ಅಂದ್ರೆ ಹೂಳು, ಹಳೇ ಮರದ ಬೊಡ್ಡೆ, ಮುಳುಗಿದ ಗದ್ದೆಯ ಬದು. ತಳದಲ್ಲಿ ಬಿದ್ದ ಎರೆಹುಳುವನ್ನ ಮೀನಿಗಿಂತ ಮೊದಲು ಏಡಿ ಮುಗಿಸುತ್ತೆ. ಒಂದು ಗೇಣು ಮೇಲಿದ್ರೆ ಏಡಿಗೆ ಸುಲಭಕ್ಕೆ ಸಿಗಲ್ಲ, ಮೀನಿನ ಕಣ್ಣಿಗೆ ನೇರ ಕಾಣುತ್ತೆ.

ಎರಡು, ಎರೆ ಒಂದೇ ಜಾಗದಲ್ಲಿ ನಿಂತು ಅಲುಗಾಡುತ್ತೆ. ಸ್ಪಿನ್ನರ್, ಸ್ಪೂನ್ ಥರದ ಲೂರ್ ಹಾಕಿದ್ರೆ ಎಳೀತಾನೇ ಇರಬೇಕು, ಎಳೆದ್ರೆ ಅದು ಮೀನಿನ ಜಾಗ ಬಿಟ್ಟು ನಿಮ್ಮ ಕಡೆ ಬಂದುಬಿಡುತ್ತೆ. ಹಸಿದ ಮೀನು ಅಟ್ಟಿಸ್ಕೊಂಡು ಬರಬಹುದು. ಆದ್ರೆ ಬಿಸಿಲಿಗೆ ಬೊಡ್ಡೆಯ ನೆರಳಲ್ಲಿ ಸುಮ್ನೆ ನಿಂತಿರೋ ಮೀನು ಬರಲ್ಲ. ಅದರ ಮೂತಿ ಮುಂದೆ ಹತ್ತಿಪ್ಪತ್ತು ಸೆಕೆಂಡ್ ಏನೋ ನಡುಗ್ತಾ ಇದ್ರೆ ಮಾತ್ರ ಬಾಯಿ ಹಾಕುತ್ತೆ.

ಮೂರು, ಮೀನು ಕಚ್ಚಿದ್ದು ಬೇಗ ಗೊತ್ತಾಗುತ್ತೆ. ಗಾಳಕ್ಕೂ ನಿಮ್ಮ ಕೈಗೂ ಮಧ್ಯೆ ಭಾರ ಇಲ್ಲ. ಬರೀ ದಾರ.

ಇದನ್ನ ಬೆಳೆಸಿದ್ದು ಜಪಾನಿನ ಬಾಸ್ ಗಾಳಗಾರರು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಹಾಗಂತ ನಾನು ಬಹಳ ದಿನ ನಂಬಿದ್ದೆ. ನಮ್ಮ ಮಾವನಿಗೆ ತೋರಿಸೋ ತನಕ.

ಮಾವನ ಡಬ್ಬಿ

ನಮ್ಮ ಮಾವ, ಅಂದ್ರೆ ಅಮ್ಮನ ಅಣ್ಣ, ಎನ್.ಆರ್. ಪುರ ತಾಲ್ಲೂಕಿನ ಹಿನ್ನೀರಿನ ಪಕ್ಕದ ಊರಿನವರು. ಚಿಕ್ಕಂದಿನಿಂದ ಮೀನು ಹಿಡಿದವರು. ಹತ್ತುಮೀನು ಬರೋ ರಾತ್ರಿ ಯಾವ ತೋಡಿಗೆ ಮೊದಲು ಮೀನು ಹತ್ತುತ್ತೆ, ಕೂಳಿ ಎಲ್ಲಿಡಬೇಕು ಅಂತ ಮಳೆಯ ಸದ್ದು ಕೇಳಿಯೇ ಹೇಳ್ತಾರೆ.

ನಾನು ಹೊಸ ರಾಡ್, ರೀಲ್, ರಬ್ಬರ್ ಹುಳ ಎಲ್ಲ ತಗೊಂಡು ಹೋಗಿ ಜಗಲಿ ಮೇಲೆ ಹರಡಿದೆ. ಡ್ರಾಪ್ ಶಾಟ್ ಕಟ್ಟಿ ತೋರಿಸಿ, ‘ಮಾವ, ಇದು ಜಪಾನಿನ ವಿಧಾನ’ ಅಂದೆ.

ಮಾವ ಕನ್ನಡಕ ಏರಿಸಿ ನೋಡಿದ್ರು. ‘ಎಂತ ಮಾರಾಯ ಇದು, ಜಪಾನಿಂದು ಅಂತೀಯ’ ಅಂತ ಒಳಗೆ ಹೋಗಿ ಒಂದು ತುಕ್ಕು ಹಿಡಿದ ಬಿಸ್ಕತ್ ಡಬ್ಬಿ ತಂದ್ರು. ಒಳಗೆ ಮರದ ತುಂಡಿಗೆ ಸುತ್ತಿದ ತಂಗೂಸಿ. ಬಿಚ್ಚಿದ್ರು. ತುದಿಯಲ್ಲಿ ಸೈಕಲ್ಲಿನದ್ದೋ ಏನೋ ಒಂದು ಕಬ್ಬಿಣದ ನಟ್. ಅದಕ್ಕಿಂತ ಒಂದು ಗೇಣು ಮೇಲೆ ಗಾಳ. ಇನ್ನೊಂದು ಮೊಳ ಮೇಲೆ ಇನ್ನೊಂದು ಗಾಳ.

‘ಬೊಡ್ಡೆ ಇರೋ ಕಡೆ ಹಿಂಗೇ ಕಟ್ಟೋದು. ಇಲ್ದಿದ್ರೆ ಗಾಳ ದಿನಾ ಒಂದೊಂದು ಹೋಗ್ತದೆ.’

ಆಮೇಲೆ ಹುಡುಕಿ ನೋಡಿದ್ರೆ, ಭಾರ ಕೆಳಗೆ, ಗಾಳ ಮೇಲೆ ಕಟ್ಟೋ ಪದ್ಧತಿ ಬಹಳ ಹಳೇದು. ಇಂಗ್ಲೆಂಡಲ್ಲಿ ಅದಕ್ಕೆ ಪ್ಯಾಟರ್ನಾಸ್ಟರ್ ಅಂತ ಹೆಸರು. ಸಮುದ್ರದಲ್ಲಿ ಕೈಗಾಳ ಹಾಕೋರು ಎಷ್ಟೋ ಕಡೆ ಹೀಗೇ ಕಟ್ತಾರೆ. ಜಪಾನಿನವರು ಹೊಸದಾಗಿ ಸೇರಿಸಿದ್ದು ಎರಡು ವಿಷಯ: ಗಾಳವನ್ನ ದಾರಕ್ಕೆ ನೇರ ಕಟ್ಟಿ ಮುಳ್ಳು ಮೇಲ್ಮುಖವಾಗಿ ನಿಲ್ಲಿಸೋದು, ಮತ್ತೆ ಸಡಿಲ ದಾರವನ್ನ ನಡುಗಿಸೋ ಕೈಚಳಕ. ಈಗ ಆ ಎರಡನ್ನೂ ಕಲಿಯೋಣ.

ಸಾಮಾನು ಏನು ಬೇಕು

ರಾಡ್: ಆರೂವರೆಯಿಂದ ಏಳು ಅಡಿಯ ಸ್ಪಿನ್ನಿಂಗ್ ರಾಡ್, ಮೀಡಿಯಂ ಲೈಟ್. ತುದಿ ಮೆತ್ತಗಿರಬೇಕು. ಗಟ್ಟಿ ರಾಡಲ್ಲಿ ನಡುಗಿಸಿದ್ರೆ ಭಾರವೇ ಕುಣಿಯುತ್ತೆ, ಎರೆ ಕುಣಿಯಲ್ಲ.

ದಾರ: 6ರಿಂದ 10 ಪೌಂಡ್. ಫ್ಲೋರೋಕಾರ್ಬನ್ ಆದ್ರೆ ಒಳ್ಳೇದು, ನೀರಲ್ಲಿ ಮುಳುಗುತ್ತೆ, ಕಣ್ಣಿಗೆ ಕಮ್ಮಿ ಕಾಣುತ್ತೆ. ದುಬಾರಿ ಅನ್ಸಿದ್ರೆ ಮಾಮೂಲಿ ತಂಗೂಸಿಯಲ್ಲೇ ಶುರು ಮಾಡಿ. ನಾನೂ ಹಾಗೇ ಮಾಡಿದ್ದು.

ಗಾಳ: 1 ಅಥವಾ 2ನೇ ನಂಬರಿನ ಸಣ್ಣ ಗಾಳ. ಗಾಳದ ನಂಬರಲ್ಲಿ ಒಂದು ತಮಾಷೆ ಇದೆ. 1ಕ್ಕಿಂತ 2 ಚಿಕ್ಕದು, 2ಕ್ಕಿಂತ 4 ಇನ್ನೂ ಚಿಕ್ಕದು. ಅಂಗಡಿಯಲ್ಲಿ ಇದು ಗೊತ್ತಿಲ್ದೆ ನಾನು 8 ತಂದು ಒಂದು ಭಾನುವಾರ ಪೂರ್ತಿ ಹಾಳು ಮಾಡಿದೆ.

ಎರೆ: ಮೂರು ನಾಲ್ಕು ಇಂಚಿನ ರಬ್ಬರ್ ಹುಳ, ಅಥವಾ ಹಿತ್ತಲಿನ ಎರೆಹುಳು. ಕೊರವ, ಬಾಳೆ ಮೀನು ಬೇಟೆಯಾಡೋ ಜಾತಿ, ಹಾಗಾಗಿ ರಬ್ಬರಿಗೂ ಬರಬಹುದು. ಕಾಮನ್ ಕಾರ್ಪಿಗೆ ಎರೆಹುಳುವೇ ಸರಿ. ಕಾಟ್ಲಾವನ್ನ ಇದರಲ್ಲಿ ಕಾಯಬೇಡಿ. ಅದು ನೀರಲ್ಲಿ ತೇಲೋ ಸೂಕ್ಷ್ಮ ಜೀವಿಗಳನ್ನ ಸೋಸಿ ತಿನ್ನೋ ಮೀನು, ನಿಮ್ಮ ಹುಳದ ಕಡೆ ತಿರುಗಿಯೂ ನೋಡಲ್ಲ.

ಭಾರ: ಮೂರೂವರೆಯಿಂದ ಹತ್ತು ಗ್ರಾಂ. ನಿಂತ ನೀರಿಗೆ ಹಗುರ, ಗಾಳಿ ಅಥವಾ ಸೆಳವು ಇದ್ರೆ ಜಾಸ್ತಿ. ಇಲ್ಲಿ ಮಾವನ ಡಬ್ಬಿಯೇ ಗೆದ್ದಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಎಂಎಂ ಬೋಲ್ಟಿನ ನಟ್ ಕೇಳಿ, ಸುಮಾರು 5 ಗ್ರಾಂ ತೂಗುತ್ತೆ. 10 ಎಂಎಂ ಬೋಲ್ಟಿನದ್ದು 10ರಿಂದ 12 ಗ್ರಾಂ. ಇದರಲ್ಲಿ ದುಡ್ಡು ಉಳಿಯುತ್ತೆ ಅನ್ನೋದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬೊಡ್ಡೆಗೆ ಸಿಕ್ಕಿ ಕಳೆದುಹೋದ ಸೀಸ ನೀರಲ್ಲೇ ಉಳಿಯುತ್ತೆ, ಮತ್ತೆ ಸೀಸ ವಿಷ. ಬ್ರಿಟನ್ನಲ್ಲಿ ಹಂಸಗಳು ಗಾಳದ ಸೀಸದ ಗುಂಡು ನುಂಗಿ ಸಾಯ್ತಾ ಇದ್ವು ಅಂತ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನೇ ನಿಷೇಧ ಮಾಡಿದ್ರು. ನಾವು ಕುಡಿಯೋದು, ಗದ್ದೆಗೆ ಬಿಡೋದು ಇದೇ ನೀರು. ಕಬ್ಬಿಣ ತುಕ್ಕು ಹಿಡಿದು ಮಣ್ಣಾಗುತ್ತೆ, ಅಷ್ಟೇ.

ಗಂಟು ಹಾಕೋದು ಹೀಗೆ

ಫೋನ್ ಪಕ್ಕಕ್ಕಿಟ್ಟು, ಒಂದು ಬೂಟಿನ ಲೇಸು, ಒಂದು ದೊಡ್ಡ ಸೇಫ್ಟಿ ಪಿನ್ ತಗೊಳ್ಳಿ. ಪಿನ್ನಿನ ಬಾಲದ ಉಂಗುರವೇ ಗಾಳದ ಕಣ್ಣು ಅಂದ್ಕೊಳ್ಳಿ. ನಿಜವಾದ ಗಾಳದಲ್ಲಿ ಮೊದಲ ಸಲ ಮಾಡಿದ್ರೆ ಬೆರಳಿಗೇ ಮೀನು ಸಿಕ್ಕಂಗಾಗುತ್ತೆ. ಈ ಗಂಟಿನ ಹೆಸರು ಪಾಲೋಮಾರ್.

ಮೊದಲನೇ ಹೆಜ್ಜೆ. ದಾರದ ತುದಿಯಿಂದ ಸುಮಾರು ಎರಡೂವರೆ ಅಡಿ ಬಿಟ್ಟು, ಅಲ್ಲಿ ದಾರವನ್ನ ಮಡಚಿ ಜೋಡಿ ಮಾಡಿ. ಮಡಚಿದ ಮೂತಿಯನ್ನ ಗಾಳದ ಕಣ್ಣಲ್ಲಿ ತೂರಿಸಿ.

ಎರಡನೇ ಹೆಜ್ಜೆ. ಆ ಜೋಡಿ ದಾರದಲ್ಲೇ ಒಂದು ಮಾಮೂಲಿ ಗಂಟು ಹಾಕಿ. ಸಡಿಲವಾಗಿರಲಿ, ಬಿಗಿ ಮಾಡಬೇಡಿ. ಗಾಳ ಕೆಳಗೆ ನೇತಾಡ್ತಾ ಇರುತ್ತೆ.

ಮೂರನೇ ಹೆಜ್ಜೆ. ಮಡಚಿದ ಮೂತಿಯ ಕುಣಿಕೆಯನ್ನ ಅಗಲ ಮಾಡಿ, ಇಡೀ ಗಾಳವನ್ನ ಅದರೊಳಗೆ ದಾಟಿಸಿ.

ನಾಲ್ಕನೇ ಹೆಜ್ಜೆ. ದಾರಕ್ಕೆ ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನಕ್ಕೆ ಎರಡೂ ಕಡೆ ಎಳೆದು ಬಿಗಿ ಮಾಡಿ. ಒಣ ದಾರ ಎಳೆದ್ರೆ ಉಜ್ಜಿ ಬಿಸಿಯಾಗುತ್ತೆ, ಗಂಟಿನ ಜಾಗದಲ್ಲಿ ದಾರ ದುರ್ಬಲ ಆಗುತ್ತೆ. ಮೀನು ತುಂಡರಿಸ್ಕೊಂಡು ಹೋಯ್ತು ಅಂತ ನಾವು ಹೇಳೋ ಎಷ್ಟೋ ಕಥೆಯಲ್ಲಿ ತುಂಡಾಗಿರೋದು ಒಣಗಂಟು.

ಐದನೇ ಹೆಜ್ಜೆ, ಮುಖ್ಯವಾದದ್ದು. ಉಳಿದ ಉದ್ದ ತುದಿಯನ್ನ ಮತ್ತೊಮ್ಮೆ ಗಾಳದ ಕಣ್ಣಲ್ಲಿ ತೂರಿಸಬೇಕು. ಮುಳ್ಳು ಇರೋ ಕಡೆಯಿಂದ ಹಾಕಿ ಕೆಳಕ್ಕೆ ಎಳೀರಿ. ಈಗ ದಾರವನ್ನ ಎರಡೂ ತುದಿ ಹಿಡಿದು ಜಗ್ಗಿ ನೋಡಿ. ಗಾಳ ದಾರಕ್ಕೆ ಅಡ್ಡಲಾಗಿ, ಮುಳ್ಳು ಮೇಲಕ್ಕೆ ಮಾಡಿ ನಿಲ್ಲುತ್ತೆ. ನಿಲ್ಲದೆ ಜೋತುಬಿದ್ರೆ ತಪ್ಪು ಕಡೆಯಿಂದ ತೂರಿಸಿದ್ದೀರಿ ಅಂತ ಅರ್ಥ.

ಆರನೇ ಹೆಜ್ಜೆ. ಕೆಳಗಿನ ತುದಿಗೆ ನಟ್ ಕಟ್ಟಿ. ಇಲ್ಲಿ ಗಟ್ಟಿ ಗಂಟು ಬೇಡ, ಒಂದೇ ಸುತ್ತಿನ ಸಾದಾ ಗಂಟು ಸಾಕು. ಯಾಕೆ? ನಟ್ ಕಲ್ಲಿನ ಸಂದಿಗೆ ಸಿಕ್ಕಿಬಿದ್ದಾಗ ಅಲ್ಲೇ ಜಾರಿ ಬಿಟ್ಕೊಳ್ಳಲಿ. ಹೋಗೋದು ಒಂದು ನಟ್ ಮಾತ್ರ. ಗಾಳ, ಎರೆ, ದಾರ ವಾಪಸ್ ಬರುತ್ತೆ. ಲೆಕ್ಕದವನ ಭಾಷೆಯಲ್ಲಿ ಹೇಳೋದಾದ್ರೆ, ನಷ್ಟ ಎಲ್ಲಿ ಆಗಬೇಕು ಅಂತ ಮೊದಲೇ ನಾವೇ ತೀರ್ಮಾನ ಮಾಡಿರೋದು.

ರಬ್ಬರ್ ಹುಳವನ್ನ ಮೂತಿಯ ಹತ್ತಿರ ಮಾತ್ರ, ಅಕ್ಕಿಕಾಳಿನಷ್ಟು ಒಳಗೆ ಚುಚ್ಚಿ. ಬಾಲ ಪೂರ್ತಿ ಸ್ವತಂತ್ರವಾಗಿರಲಿ. ಬೊಡ್ಡೆ, ಜೊಂಡು ಜಾಸ್ತಿ ಇರೋ ಕಡೆ ಮಾತ್ರ ಮುಳ್ಳಿನ ತುದಿಯನ್ನ ಹುಳದ ಮೈಯೊಳಗೆ ಮುಚ್ಚಿಡಿ.

ನೀರಿಗೆ ಬಿಟ್ಟ ಮೇಲೆ

ಎಸೀರಿ. ರೀಲಿನ ತಂತಿ ತೆಗೆದೇ ಇರಲಿ, ದಾರ ತಾನಾಗಿ ಹೋಗ್ತಾ ಇರಲಿ. ಒಂದು ಗಳಿಗೆಯಲ್ಲಿ ದಾರ ಸಡಿಲ ಆಗುತ್ತೆ. ಭಾರ ತಳ ಮುಟ್ಟಿತು ಅಂತ ಅರ್ಥ. ತಂತಿಯನ್ನ ಕೈಯಿಂದ ಮುಚ್ಚಿ. ದಾರ ನೆಟ್ಟಗಾಗೋ ತನಕ ಸುತ್ತಿ, ಆಮೇಲೆ ರಾಡಿನ ತುದಿಯನ್ನ ಒಂಚೂರು ಇಳಿಸಿ. ದಾರ ಕೂದಲೆಳೆಯಷ್ಟು ಸಡಿಲ ಇರಬೇಕು.

ಈಗ ರಾಡಿನ ತುದಿಯನ್ನ ಮೆಲ್ಲಗೆ ನಡುಗಿಸಿ. ಚಳಿಗೆ ಕೈ ನಡುಗುತ್ತಲ್ಲ, ಅಷ್ಟೇ. ಅಲುಗಾಡಬೇಕಾಗಿದ್ದು ಸಡಿಲ ದಾರ, ಭಾರ ಅಲ್ಲ. ಭಾರ ತಳ ಬಿಟ್ಟು ಎದ್ದರೆ ನೀವು ಜಾಸ್ತಿ ಮಾಡ್ತಿದ್ದೀರಿ. ಐದಾರು ಸಲ ನಡುಗಿಸಿ, ನಿಲ್ಲಿಸಿ. ಹತ್ತು ಎಣಿಸಿ. ಮತ್ತೆ ನಡುಗಿಸಿ. ಕಚ್ಚೋದು ಬಹಳ ಸಲ ನಿಲ್ಲಿಸಿದಾಗಲೇ.

ನನ್ನ ಮೊದಲ ಮೂರು ಭಾನುವಾರ ಒಂದೂ ಮೀನಿಲ್ಲ, ಯಾಕಂದ್ರೆ ನಾನು ನಿಲ್ಲಿಸ್ತಾನೇ ಇರಲಿಲ್ಲ. ಫೋನಲ್ಲಿ ರೀಲ್ಸ್ ಸ್ಕ್ರಾಲ್ ಮಾಡಿ ಅಭ್ಯಾಸ ಆದ ಕೈ, ಹತ್ತು ಸೆಕೆಂಡ್ ಸುಮ್ನಿರೋಕೆ ಆಗಲ್ಲ. ಮಾವ ಪಕ್ಕದಲ್ಲಿ ಕೂತು ಬೀಡಿ ಸೇದ್ತಾ, ‘ಮೀನಿಗೂ ಸ್ವಲ್ಪ ಯೋಚ್ನೆ ಮಾಡೋಕೆ ಬಿಡು ಮಾರಾಯ’ ಅಂದ್ರು.

ಸುಮ್ನಿರೋದು ಕಲಿತಿದ್ದು ನಾನು ಶೃಂಗೇರಿಯಲ್ಲಿ. ಶಾರದಾಂಬಾ ದೇವಸ್ಥಾನದ ಹಿಂದೆ ತುಂಗೆಯ ಮೆಟ್ಟಿಲಿದೆಯಲ್ಲ, ಅಲ್ಲಿ ಮೀನು ಹಿಡಿಯೋ ಹಾಗಿಲ್ಲ. ಆದ್ರೆ ನೋಡೋಕೆ ಯಾರೂ ಬೇಡ ಅನ್ನಲ್ಲ. ಜನ ಮಂಡಕ್ಕಿ ಹಾಕ್ತಾರೆ, ಮೇಲಿರೋ ಮೀನು ನುಗ್ಗಾಡ್ತವೆ. ನೀವು ಕೆಳಗಿನ ಮೀನು ನೋಡಿ. ಅವು ನುಗ್ಗಲ್ಲ. ನಿಧಾನಕ್ಕೆ ಮುಳುಗಿ ಬರೋ ಚೂರಿನ ಹತ್ತಿರ ಬಂದು, ನಿಂತು, ಒಂದು ಸಲ ಹಿಂದೆ ಸರಿದು, ಆಮೇಲೆ ಬಾಯಿ ತೆಗೀತವೆ. ಆ ಮೀನಿಗೇ ಡ್ರಾಪ್ ಶಾಟ್ ಮಾಡಿರೋದು. ಅರ್ಧ ಗಂಟೆ ಆ ಮೆಟ್ಟಿಲ ಮೇಲೆ ಕೂತ್ರೆ ಹತ್ತು ವಿಡಿಯೋಗಿಂತ ಜಾಸ್ತಿ ಗೊತ್ತಾಗುತ್ತೆ.

ಕಚ್ಚಿದಾಗ ಏನಾಗುತ್ತೆ? ಟಕ್ ಅಂತ ಒಂದು ಸಣ್ಣ ತಟ್ಟು, ಅಥವಾ ದಾರ ಸುಮ್ನೆ ಪಕ್ಕಕ್ಕೆ ನಡೆಯುತ್ತೆ, ಅಥವಾ ರಾಡ್ ಒದ್ದೆ ಬಟ್ಟೆ ಕಟ್ಟಿದಂಗೆ ಭಾರ ಆಗುತ್ತೆ. ಆಗ ಜೋರಾಗಿ ಜಗ್ಗಬೇಡಿ. ಗಾಳ ಸಣ್ಣದು, ದಾರ ತೆಳ್ಳಗಿನದು. ಸಡಿಲ ದಾರ ಸುತ್ತಿಕೊಂಡು ರಾಡನ್ನ ಒಂದೇ ಸಮನೆ ಮೇಲೆತ್ತಿ, ಸಾಕು.

ರೀಲಿನ ಡ್ರ್ಯಾಗ್ ಎಷ್ಟಿರಬೇಕು ಅಂತ ಎಲ್ಲರೂ ಕೇಳ್ತಾರೆ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ. 8 ಪೌಂಡ್ ದಾರ ಅಂದ್ರೆ ಸುಮಾರು 3.6 ಕೆಜಿ, ಅದರ ಮೂರನೇ ಒಂದು ಭಾಗ ಒಂದು ಕೆಜಿಗೆ ಸ್ವಲ್ಪ ಜಾಸ್ತಿ. ಹಾಗಾಗಿ ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನ ದಾರಕ್ಕೆ ಕಟ್ಟಿ ರಾಡಿಂದ ಎತ್ತಿ. ಬಾಟಲಿ ನೆಲ ಬಿಟ್ಟು ಏಳೋ ಹೊತ್ತಿಗೆ ರೀಲ್ ದಾರ ಬಿಡೋಕೆ ಶುರು ಮಾಡಬೇಕು. ಹಾಗೆ ಹೊಂದಿಸ್ಕೊಳ್ಳಿ.

ಹರಿಯೋ ನೀರಲ್ಲಿ ಇದು ಅಷ್ಟು ಚೆನ್ನಾಗಿ ನಡೆಯಲ್ಲ. ಸೆಳವು ದಾರವನ್ನ ಬಿಲ್ಲಿನಂಗೆ ಬಗ್ಗಿಸುತ್ತೆ, ನಿಮ್ಮ ನಡುಕ ಎರೆ ತನಕ ಹೋಗೋದೇ ಇಲ್ಲ. ಹೊಳೆಯಲ್ಲಿ ಹಾಕೋದಾದ್ರೆ ನೀರು ನಿಧಾನ ಆಗೋ ಮಡು ಹುಡುಕಿ. ಹಿನ್ನೀರು, ಕೆರೆ, ಸ್ವಂತ ಕೃಷಿಹೊಂಡ, ಇವು ಇದಕ್ಕೆ ಸರಿಯಾದ ಜಾಗ.

ನಾಲ್ಕನೇ ಭಾನುವಾರ

ಈಗ ಹೇಳ್ತೀನಿ ಅಂದಿದ್ದ ವಿಷಯ.

ಫೆಬ್ರವರಿ ತಿಂಗಳು, ಹಿನ್ನೀರು ಇಳೀತಾ ಇತ್ತು. ಭದ್ರಾ ಜಲಾಶಯದ ಪೂರ್ತಿ ಮಟ್ಟ 186 ಅಡಿ. ಮಳೆಗಾಲ ಮುಗಿದಾಗ ತುಂಬಿರೋ ನೀರು ಬೇಸಿಗೆಗೆ ಇಳೀತಾ ಹೋದಂಗೆ ಬೊಡ್ಡೆಗಳು ಒಂದೊಂದೇ ಏಳ್ತವೆ. ಒಂದು ಬೊಡ್ಡೆಯ ನೆರಳಿಗೆ ಎಸೆದೆ. ತಳ ಮುಟ್ಟಿತು. ನಡುಗಿಸಿದೆ, ನಿಲ್ಲಿಸಿದೆ. ಟಕ್.

ಖುಷಿಗೆ ಕೈ ಕಾಲು ಆಡಲಿಲ್ಲ. ಏನು ಮಾಡಬೇಕು ಅಂತ ಯೋಚಿಸೋದ್ರಲ್ಲಿ ಐದಾರು ಸೆಕೆಂಡ್ ಹೋಯ್ತು. ಆಮೇಲೆ ಎತ್ತಿದೆ. ಬಂದಿದ್ದು ಒಂದು ಮೊಳಕ್ಕಿಂತ ಚಿಕ್ಕ ಮೀನು, ದೊಡ್ಡ ಹೊಳಪಿನ ಹುರುಪೆ, ದಪ್ಪ ತುಟಿ. ದೇವರ ಮೀನಿನ ಮರಿ. ಫೋನ್ ತೆಗೆದೆ. ಕಲ್ಲಿನ ಮೇಲೆ ಮಲಗಿಸಿ ಒಂದು ಫೋಟೋ, ಕೈಯಲ್ಲಿ ಹಿಡಿದು ಒಂದು, ಬೆಳಕು ಸರಿಯಿಲ್ಲ ಅಂತ ತಿರುಗಿ ಇನ್ನೊಂದು. ಗಾಳ ತೆಗೆಯೋಕೆ ಹೋದ್ರೆ ಮುಳ್ಳು ಕಾಣ್ತಾನೇ ಇಲ್ಲ. ನುಂಗಿಬಿಟ್ಟಿದೆ. ಇಕ್ಕಳ ಹಾಕಿ ಎಳೆದೆ. ರಕ್ತ ಬಂತು.

ನೀರಿಗೆ ಬಿಟ್ಟೆ. ಮೀನು ಪಕ್ಕಕ್ಕೆ ವಾಲಿ ತೇಲ್ತು. ಹಿಡಿದು ನೇರ ಮಾಡಿದೆ, ಮತ್ತೆ ವಾಲಿತು. ಕಾಲು ಗಂಟೆ ಮೊಣಕಾಲು ನೀರಲ್ಲಿ ನಿಂತು ಹಿಡ್ಕೊಂಡೇ ಇದ್ದೆ. ಬದುಕಲಿಲ್ಲ.

ಮಾವ ಬೈಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಹಿಡಿದ ಮೇಲೆ ತಿನ್ನೋ ಮೀನಾದ್ರೆ ಮನೆಗೆ ತಗೊಂಡು ಹೋಗ್ಬೇಕು. ಇಲ್ಲ ಅಂದ್ರೆ ಕೂಡ್ಲೆ ಬಿಡ್ಬೇಕು. ಮಧ್ಯದಲ್ಲಿ ಆಟ ಆಡ್ಬಾರ್ದು’ ಅಂದ್ರು.

ಇದು ಡ್ರಾಪ್ ಶಾಟಿನ ನಿಜವಾದ ಅಪಾಯ. ವಿಡಿಯೋಗಳಲ್ಲಿ ಕಮ್ಮಿ ಹೇಳ್ತಾರೆ. ನಿಂತಿರೋ ಮೆತ್ತಗಿನ ಎರೆ, ಸಡಿಲ ದಾರ. ಮೀನಿಗೆ ಅನುಮಾನ ಬರಲ್ಲ, ನಿಧಾನಕ್ಕೆ ಒಳಗೆ ತಗೊಳ್ಳುತ್ತೆ. ನಾವು ತಡ ಮಾಡಿದಷ್ಟೂ ಗಾಳ ಗಂಟಲಿಗೆ ಇಳಿಯುತ್ತೆ. ಅವತ್ತಿಂದ ನಾನು ಪಾಲಿಸೋದು ಇಷ್ಟು:

ಗಾಳದ ಮುಳ್ಳಿನ ಹಿಂದೆ ಇರೋ ಸಣ್ಣ ಕೊಕ್ಕೆಯನ್ನ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಬಿಡ್ತೀನಿ. ಒಂದೆರಡು ಮೀನು ತಪ್ಪಿಸ್ಕೊಳ್ಳಬಹುದು, ಪರವಾಗಿಲ್ಲ.

ರಾಡ್ ಕೈಯಲ್ಲೇ ಇರುತ್ತೆ. ಕವೆಕೋಲಿಗೆ ಒರಗಿಸಿ ಬೋಂಡಾ ತಿನ್ನೋಕೆ ಹೋಗಲ್ಲ.

ಗಾಳ ನುಂಗಿದ್ರೆ ಎಳೆಯಲ್ಲ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡ್ತೀನಿ. ಎಳೆದು ಗಾಯ ಮಾಡೋದಕ್ಕಿಂತ ಹೀಗೆ ಬಿಟ್ಟರೆ ಮೀನು ಬದುಕೋ ಸಾಧ್ಯತೆ ಜಾಸ್ತಿ.

ಕೈ ಒದ್ದೆ ಮಾಡ್ಕೊಂಡೇ ಮೀನು ಮುಟ್ಟೋದು. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರಕ್ಷಣೆ. ಒಣ ಕೈ, ಬಿಸಿ ಕಲ್ಲು ಅದನ್ನ ಕಿತ್ತುಹಾಕುತ್ತೆ.

ಫೋಟೋ ಬೇಕೇ ಬೇಕು ಅಂದ್ರೆ ಮೀನು ನೀರಲ್ಲಿರೋವಾಗಲೇ.

ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು

ಶೃಂಗೇರಿಯ ದೇವಸ್ಥಾನದ ಹತ್ತಿರ ಇಲ್ಲ ಅಂತ ಆಗಲೇ ಹೇಳಿದೆ. ತೀರ್ಥಹಳ್ಳಿ ಕಡೆ ಹೋದ್ರೆ ಚಿಪ್ಪಲಗುಡ್ಡೆಯಲ್ಲೂ ಮತ್ಸ್ಯಧಾಮ ಇದೆ, ಅಲ್ಲೂ ಇಲ್ಲ. ಭದ್ರಾ ಹಿನ್ನೀರಿನ ಒಂದು ಭಾಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರುತ್ತೆ. ಅಲ್ಲಿ ಗಾಳ ಹಾಕಿದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸ್ ಆಗುತ್ತೆ. ನೀರಿನ ಮೇಲೆ ಗಡಿಯ ಗೆರೆ ಎಳೆದಿರಲ್ಲ, ಹಾಗಾಗಿ ಹೋಗೋ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಒಂದು ಸಲ ಹೋಗಿ ಲೈಸೆನ್ಸ್ ಏನು, ಎಲ್ಲಿ ತನಕ ಅಂತ ಕೇಳಿ. ಊರ ಕೆರೆ ಆದ್ರೆ ಮೀನಿನ ಗುತ್ತಿಗೆ ಯಾರದ್ದು ಅಂತ ಕೇಳ್ಕೊಳ್ಳಿ. ಗುತ್ತಿಗೆಯವರು ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ, ನಮ್ಮ ಶೋಕಿ ಅವರ ನಷ್ಟ ಆಗಬಾರದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದಂತೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಇನ್ನೂ ಮಾಡೋರಿದ್ದಾರೆ, ಕಂಡ್ರೆ ಇಲಾಖೆಗೆ ತಿಳಿಸಿ.

ಬೇಸಿಗೆಯಲ್ಲಿ ಲಕ್ಕವಳ್ಳಿ ಕಡೆಯ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡ್ತವೆ. ಕತ್ತರಿಸಿ ಬಿಸಾಡಿದ ತಂಗೂಸಿ ಹಕ್ಕಿ ಕಾಲಿಗೆ ಸುತ್ತಿಕೊಂಡ್ರೆ ಬಿಡಿಸೋರು ಯಾರೂ ಇಲ್ಲ. ತುಂಡು ದಾರವನ್ನ ಜೇಬಿಗೆ ಹಾಕ್ಕೊಂಡು ಮನೆಗೆ ತನ್ನಿ.

ಮತ್ತೆ ನಿಮ್ಮ ಜೀವ. ಇಳಿದ ಹಿನ್ನೀರಿನ ದಡ ಮೇಲೆ ಒಣಗಿ ಬಿರುಕು ಬಿಟ್ಟಂಗೆ ಕಾಣುತ್ತೆ, ಕೆಳಗೆ ಹೂಳು ಹಾಗೇ ಇರುತ್ತೆ. ಕೋಲಿಂದ ಚುಚ್ಚಿ ನೋಡದೆ ಕಾಲಿಡಬೇಡಿ. ಮಳೆಗಾಲದಲ್ಲಿ ತುಂಗೆ, ಭದ್ರೆ ಹತ್ತಿರ ಗಾಳದ ಮಾತೇ ಬೇಡ. ನೀವಿರೋ ಕಡೆ ಬಿಸಿಲಿರುತ್ತೆ, ಘಟ್ಟದ ಮೇಲೆ ಸುರಿದ ಮಳೆ ಹೊಳೆಯಲ್ಲಿ ಬಂದುಬಿಡುತ್ತೆ.

ಬಾಸ್ ತಂದು ಬಿಡೋಣ ಅನ್ನೋರಿಗೆ

ಹೋದ ಸಂಚಿಕೆ ಆದ್ಮೇಲೆ ಒಬ್ಬರು ಕೇಳಿದ್ರು: ಬಾಸ್ ಮರಿ ತರಿಸಿ ನಮ್ಮ ಹೊಂಡಕ್ಕೆ ಬಿಟ್ಟರೆ ಹೇಗೆ ಅಂತ. ದಯವಿಟ್ಟು ಬೇಡ. ಜಪಾನಿಗೂ ಬಾಸ್ ಹೊರಗಿನದ್ದೇ. 1925ರಲ್ಲಿ ಒಬ್ಬ ಉದ್ಯಮಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟ. ಅದು ದೇಶವೆಲ್ಲ ಹಬ್ಬಿ ಅಲ್ಲಿನ ಮೂಲ ಮೀನುಗಳನ್ನ ತಿನ್ನೋಕೆ ಶುರು ಮಾಡ್ತು. 2005ರಲ್ಲಿ ಅಲ್ಲಿನ ಸರ್ಕಾರ ಬಾಸ್ ಸಾಕೋದು, ಜೀವಂತ ಸಾಗಿಸೋದು, ಇನ್ನೊಂದು ಕಡೆ ಬಿಡೋದು ಎಲ್ಲಕ್ಕೂ ಕಾನೂನಿನ ತಡೆ ಹಾಕ್ತು. ಎಂಬತ್ತು ವರ್ಷ ತಡವಾಗಿ. ನಮ್ಮ ಹೊಂಡ ಮಳೆಗಾಲದಲ್ಲಿ ತುಂಬಿ ತೋಡಿಗೆ ಹರಿಯುತ್ತೆ, ತೋಡು ಹೊಳೆಗೆ. ಹೊಂಡಕ್ಕೆ ಬಿಟ್ಟಿದ್ದು ತುಂಗೆಗೇ ಬಿಟ್ಟಂಗೆ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನಿವೆ. ಜಪಾನಿಂದ ನಾವು ಗಂಟು ಕಲಿಯೋಣ, ಜೊತೆಗೆ ಈ ಪಾಠವನ್ನೂ.

ಕೊನೇ ಮಾತು

ನಮ್ಮ ಜಿಲ್ಲೆಗೆ ಗಾಳ ಹಿಡಿದು ಗಂಟೆಗಟ್ಟಲೆ ಕೂರೋದು ಹೊಸದೇನಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಮೀನಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ನಮಗೆ ಹೊಸದು ಅಂದ್ರೆ ರಾಡು, ರೀಲು, ಕ್ಯಾಮೆರಾ.

ಆ ಮರಿಯ ಫೋಟೋ ಮೂರೂ ನನ್ನ ಫೋನಲ್ಲೇ ಇದೆ. ಎಲ್ಲೂ ಹಾಕಿಲ್ಲ. ಅದಾದ ಮೇಲೆ ಡ್ರಾಪ್ ಶಾಟಲ್ಲಿ ಕೊರವ ಸಿಕ್ಕಿದೆ, ಕಾರ್ಪ್ ಸಿಕ್ಕಿದೆ. ಎರಡನ್ನೂ ಅತ್ತೆ ಸಾರು ಮಾಡಿದ್ರು. ಇನ್ನೊಂದು ದೇವರ ಮೀನೂ ಬಂತು, ತುಟಿಯ ಅಂಚಲ್ಲಿ ಗಾಳ. ನೀರಲ್ಲೇ ಇಟ್ಟು ಗಾಳ ಬಿಡಿಸಿದೆ, ಬಾಲ ಬಡಿದು ಹೋಯ್ತು. ಎಷ್ಟು ದೊಡ್ಡದಿತ್ತು ಅಂತ ಅಳೆದಿಲ್ಲ.

ಮುಂದಿನ ವಾರಕ್ಕೆ ನಿಮ್ಮಿಂದ ಒಂದು ಕೆಲಸ. ನಿಮ್ಮ ಮನೆಯಲ್ಲಿ ಅಜ್ಜನೋ ಮಾವನೋ ಇದ್ರೆ, ಅವರ ಹಳೇ ಗಾಳದ ಡಬ್ಬಿ ತೆಗೆಸಿ. ಹೇಗೆ ಕಟ್ತಿದ್ರು, ಯಾವ ಮೀನಿಗೆ ನಿಮ್ಮೂರಲ್ಲಿ ಏನು ಹೆಸರು ಅಂತ ಕೇಳಿ, ಅವರದ್ದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಒಂದು ಸಂಚಿಕೆ ಪೂರ್ತಿ ಅದಕ್ಕೇ ಇಡ್ತೀನಿ.

ಅಲ್ಲಿ ತನಕ ಲೇಸು, ಸೇಫ್ಟಿ ಪಿನ್ ಇಟ್ಕೊಂಡು ಗಂಟು ಅಭ್ಯಾಸ ಮಾಡ್ತಾ ಇರಿ. ಬರ್ತೀನಿ, ನಮಸ್ಕಾರ.